‘ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?’: ತಾಯಂದಿರ ಉಮೇದುವಾರಿಕೆ ಮತ್ತು ಸುದ್ದಿಮಾಧ್ಯಮದ ಅಧ್ಯಯನಗಳು

ಚುನಾವಣೆಗೆ ನಿಂತ ಮಹಿಳೆಯನ್ನು ಸುದ್ದಿಮಾಧ್ಯಮಗಳು ಹೇಗೆ ಚಿತ್ರಿಸುತ್ತವೆ ಎಂಬ ವಿಚಾರ ಸುಮಾರು ಅರ್ಧ ಶತಮಾನದಿಂದ ಅಧ್ಯಯನಕ್ಕೆ ಒಳಗಾಗುತ್ತ ಬಂದಿದ್ದರೂ, ಆಕೆ ತಾಯಿಯೂ ಆಗಿದ್ದಲ್ಲಿ ಆ ಚಿತ್ರಣ ಯಾವ ತಿರುವು ಪಡೆಯುತ್ತದೆ ಎಂಬುದು ಪ್ರತ್ಯೇಕ ಪ್ರಶ್ನೆಯಾಗಿ ವಿದ್ವಾಂಸರ ಗಮನಕ್ಕೆ ಬಂದದ್ದು ತಡವಾಗಿಯೇ. ಈ ಕ್ಷೇತ್ರದ ಮೊದಲ ಪರಿಭಾಷೆಯನ್ನು ಒದಗಿಸಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಗೇ ಟಕ್‌ಮನ್ ಮುಖ್ಯರು. ಮಾಧ್ಯಮಗಳು ಮಹಿಳೆಯರನ್ನು ಒಂದೋ ಕಾಣಿಸುವುದೇ ಇಲ್ಲ, ಕಾಣಿಸಿದರೂ ಹಗುರಗೊಳಿಸುತ್ತವೆ ಅಥವಾ ಖಂಡಿಸುತ್ತವೆ ಎಂಬ ಸ್ಥಿತಿಯನ್ನು ಅವರು 1978ರಲ್ಲಿ ‘ಸಾಂಕೇತಿಕ ನಿರ್ಮೂಲನೆ’ ಎಂಬ ಪರಿಕಲ್ಪನೆಯ ಮೂಲಕ ವಿವರಿಸಿದರು. ಆದರೆ ಅವರ ಕಾಲದ ಚರ್ಚೆ ಬಹುಮಟ್ಟಿಗೆ ದೂರದರ್ಶನದ ಧಾರಾವಾಹಿ, ಜಾಹೀರಾತು, ಮಹಿಳಾ ಪತ್ರಿಕೆಗಳ ಸುತ್ತ ಇತ್ತು. ಚುನಾವಣೆಯ ವರದಿಗಾರಿಕೆ ಅದರ ಅಂಚಿನಲ್ಲಷ್ಟೇ ಉಳಿದಿತ್ತು.

ಆ ಕೊರತೆಯನ್ನು ತುಂಬಿದ್ದು 1990ರ ದಶಕದ ಎಣಿಕೆಯ ಅಧ್ಯಯನಗಳು. ಕಿಮ್ ಫ್ರಿಡ್ಕಿನ್ ಕಾನ್ ಅವರು 1991ರ ಲೇಖನದಲ್ಲಿಯೂ 1996ರ ಪುಸ್ತಕದಲ್ಲಿಯೂ 1980ರ ದಶಕದ ಅಮೆರಿಕದ ಸೆನೆಟ್ ಚುನಾವಣೆಗಳ ಪತ್ರಿಕಾ ವರದಿಗಳನ್ನು ವಿಷಯ ವಿಶ್ಲೇಷಣೆಗೆ, ಎಂದರೆ ಸುದ್ದಿಯ ಸಾಲುಗಳನ್ನು ಮೊದಲೇ ಗೊತ್ತುಪಡಿಸಿದ ವರ್ಗಗಳಿಗೆ ಹಂಚಿ ಎಣಿಸುವ ವಿಧಾನಕ್ಕೆ, ಒಳಪಡಿಸಿದರು. ಮಹಿಳಾ ಅಭ್ಯರ್ಥಿಗಳಿಗೆ ಕಡಿಮೆ ಪ್ರಚಾರ ಸಿಗುತ್ತದೆ, ಸಿಕ್ಕ ಪ್ರಚಾರದಲ್ಲೂ ಅವರ ನಿಲುವುಗಳಿಗಿಂತ ಅವರು ಗೆಲ್ಲಬಲ್ಲರೇ ಎಂಬ ಲೆಕ್ಕಾಚಾರವೇ ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿ. ಮುಂದಿನ ಸಂಶೋಧಕರಿಗೆ ಇದು ಗಟ್ಟಿಯಾದ ತಳಪಾಯವಾಯಿತಾದರೂ, ಈ ಬಗೆಯ ಎಣಿಕೆಯಲ್ಲಿ ಒಂದು ಮಿತಿಯಿತ್ತು: ಸೀರೆಯೋ ಸ್ಕರ್ಟೋ ಎಂಬ ವರ್ಣನೆಯೂ, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯೂ ‘ವೈಯಕ್ತಿಕ ವಿಚಾರ’ ಎಂಬ ಒಂದೇ ಕಲಮಿನಡಿ ಸೇರಿಹೋಗುವ ಸಂಭವವಿತ್ತು. ಮೊದಲನೆಯದು ಅಭ್ಯರ್ಥಿಯನ್ನು ಹಗುರಗೊಳಿಸುತ್ತದೆ. ಎರಡನೆಯದು ಆಕೆ ಅಲ್ಲಿ ನಿಂತಿರುವುದೇ ಸರಿಯೇ ಎಂದು ಕೇಳುತ್ತದೆ.

ವಿದ್ವಾಂಸರು ಕಲಮುಗಳನ್ನು ತಿದ್ದಿಕೊಳ್ಳುವ ಹೊತ್ತಿಗೆ ರಾಜಕಾರಣಿಗಳಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತು. 1972ರಲ್ಲಿ ಕೊಲರಾಡೊದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾದ ಪ್ಯಾಟ್ ಶ್ರೋಡರ್ ಅವರಿಗೆ ಇಬ್ಬರು ಚಿಕ್ಕ ಮಕ್ಕಳಿದ್ದು, ತಾಯಿಯಾಗಿಯೂ ಸಂಸದೆಯಾಗಿಯೂ ಹೇಗೆ ನಿಭಾಯಿಸುವಿರಿ ಎಂಬ ಪ್ರಶ್ನೆ ಅವರನ್ನು ಮತ್ತೆ ಮತ್ತೆ ಎದುರುಗೊಂಡಿತು. ತನಗೆ ಮಿದುಳೂ ಇದೆ, ಗರ್ಭಕೋಶವೂ ಇದೆ, ಎರಡೂ ಕೆಲಸ ಮಾಡುತ್ತವೆ ಎಂಬರ್ಥದ ಅವರ ಉತ್ತರ ಪ್ರಸಿದ್ಧವಾಗಿದೆ. ಮೂವರು ಮಕ್ಕಳ ತಾಯಿ ಜೆರಾಲ್ಡಿನ್ ಫೆರಾರೊ 1984ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಮಿಸಿಸಿಪ್ಪಿಗೆ ಹೋದಾಗ, ಅಲ್ಲಿನ ಕೃಷಿ ಆಯುಕ್ತರು ಬ್ಲೂಬೆರಿ ಮಫಿನ್ ಬೇಯಿಸಲು ಬರುತ್ತದೆಯೇ ಎಂದು ವಿಚಾರಿಸಿದ್ದು ಸುದ್ದಿಯಾಯಿತು. ಬರುತ್ತದೆ, ನಿಮಗೆ ಬರುತ್ತದೆಯೇ ಎಂದು ಅವರು ತಿರುಗಿ ಕೇಳಿದರು. 1992ರಲ್ಲಿ ಪ್ಯಾಟಿ ಮರ್ರೆ, ಟೆನ್ನಿಸ್ ಬೂಟು ಹಾಕಿಕೊಂಡ ಬರಿಯ ಅಮ್ಮ ಎಂಬ ಹೀಯಾಳಿಕೆಯನ್ನೇ ಪ್ರಚಾರದ ಘೋಷಣೆಯಾಗಿ ಮಾಡಿಕೊಂಡು ವಾಷಿಂಗ್ಟನ್ ರಾಜ್ಯದಿಂದ ಸೆನೆಟ್‌ಗೆ ಗೆದ್ದುಬಂದರು.

ಕ್ಯಾಥ್ಲೀನ್ ಹಾಲ್ ಜೇಮಿಸನ್ ಅವರ 1995ರ ಕೃತಿ ಈ ಬಿಡಿ ಘಟನೆಗಳಿಗೆ ಒಂದು ಸೈದ್ಧಾಂತಿಕ ಚೌಕಟ್ಟನ್ನು ಕೊಟ್ಟಿತು. ಅವರು ಹೇಳುವ ‘ಇಬ್ಬಗೆಯ ಇಕ್ಕಟ್ಟು’ ಎಂದರೆ ಯಾವ ದಾರಿ ಹಿಡಿದರೂ ತಪ್ಪೆನಿಸುವಂತೆ ಮಹಿಳೆಯ ಮುಂದಿಡುವ ಆಯ್ಕೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ಅವರು ಗುರುತಿಸಿದ ಐದು ಇಕ್ಕಟ್ಟುಗಳಲ್ಲಿ ಒಂದು ಗರ್ಭಕೋಶ ಮತ್ತು ಮಿದುಳಿನ ನಡುವಿನದು: ತಾಯ್ತನವನ್ನು ಆರಿಸಿಕೊಂಡವಳು ಸಾರ್ವಜನಿಕ ಬುದ್ಧಿಮತ್ತೆಯನ್ನು ಬಿಟ್ಟುಕೊಟ್ಟಳು, ಬುದ್ಧಿಯನ್ನು ಆರಿಸಿಕೊಂಡವಳು ಹೆಣ್ತನವನ್ನು ಬಿಟ್ಟುಕೊಟ್ಟಳು ಎಂಬ ಗ್ರಹಿಕೆ. ಇದರ ಪ್ರಯೋಜನವೆಂದರೆ, ಅಲ್ಲಿಯವರೆಗೆ ಪ್ರತ್ಯೇಕ ವಿಷಯಗಳೆಂಬಂತೆ ತೋರುತ್ತಿದ್ದ ಮಕ್ಕಳಿರುವ ಅಭ್ಯರ್ಥಿಯ ಟೀಕೆಯೂ ಮಕ್ಕಳಿಲ್ಲದ ಅಭ್ಯರ್ಥಿಯ ಟೀಕೆಯೂ ಒಂದೇ ತರ್ಕದ ಎರಡು ತುದಿಗಳೆಂದು ಕಾಣತೊಡಗಿದ್ದು.

ಸಿದ್ಧಾಂತವನ್ನು ಒರೆಗೆ ಹಚ್ಚುವಂಥ ಪ್ರಕರಣ ಮ್ಯಾಸಚೂಸೆಟ್ಸ್‌ನಲ್ಲಿ ಒದಗಿತು. ಉಪರಾಜ್ಯಪಾಲೆಯಾಗಿದ್ದ ಜೇನ್ ಸ್ವಿಫ್ಟ್ 2001ರ ಏಪ್ರಿಲ್‌ನಲ್ಲಿ ಹಂಗಾಮಿ ರಾಜ್ಯಪಾಲೆಯಾದರು, ಮೇ ತಿಂಗಳಲ್ಲಿ ಅವಳಿ ಹೆಣ್ಣುಮಕ್ಕಳನ್ನು ಹೆತ್ತರು. ಅಮೆರಿಕದಲ್ಲಿ ಅಧಿಕಾರದಲ್ಲಿದ್ದಾಗ ಹೆರಿಗೆಯಾದ ಮೊದಲ ರಾಜ್ಯಪಾಲೆ ಅವರೇ. ಅವರು ದೂರವಾಣಿ ಮೂಲಕ ಸಭೆ ನಡೆಸಬಹುದೇ ಎಂಬ ತಕರಾರನ್ನು ರಾಜ್ಯಪಾಲರ ಮಂಡಳಿಯ ಸದಸ್ಯರು ಎತ್ತಿದರು. ಇದಕ್ಕೂ ಮುನ್ನ, ಕಚೇರಿಯ ಸಿಬ್ಬಂದಿಯಿಂದ ಮಗುವನ್ನು ನೋಡಿಕೊಳ್ಳುವ ಕೆಲಸ ಮಾಡಿಸಿದರು, ಮನೆಗೆ ಹೋಗಲು ಸರ್ಕಾರಿ ಹೆಲಿಕಾಪ್ಟರ್ ಬಳಸಿದರು ಎಂಬ ಆರೋಪಗಳು ಬಂದಿದ್ದು, ಸಿಬ್ಬಂದಿಯ ವಿಚಾರದಲ್ಲಿ ರಾಜ್ಯದ ನೈತಿಕ ಆಯೋಗ ದಂಡ ವಿಧಿಸಿತ್ತು. ಅಧಿಕಾರದ ದುರ್ಬಳಕೆಯ ಪ್ರಶ್ನೆ ನ್ಯಾಯವಾದದ್ದೇ. ಪತ್ರಿಕೆಗಳು ಅದನ್ನು ಕೇಳಲೇಬೇಕಿತ್ತು. ಆದರೆ ಸಿಬ್ಬಂದಿಯನ್ನು ಸ್ವಂತಕ್ಕೆ ಬಳಸಿಕೊಂಡರೆಂಬ ಟೀಕೆ ಎಲ್ಲಿ ಮುಗಿದು, ಕೂಸುಗಳನ್ನು ಬಿಟ್ಟು ಬಂದ ತಾಯಿ ಎಂಬ ಟೀಕೆ ಎಲ್ಲಿ ಶುರುವಾಯಿತು ಎಂಬುದನ್ನು ಅಂದಿನ ಚರ್ಚೆಯಲ್ಲಿ ಬೇರ್ಪಡಿಸುವುದು ಕಷ್ಟ. ಲಿಂಗಭೇದದ ವರದಿಗಾರಿಕೆ ಯಾವಾಗಲೂ ಬರಿಯ ಕುಚೋದ್ಯದ ರೂಪದಲ್ಲಿ ಬರುವುದಿಲ್ಲ, ಸಕಾರಣವಾದ ಸುದ್ದಿಯ ಬೆನ್ನೇರಿಯೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ವಿರಳ.

2008ರ ಅಧ್ಯಕ್ಷೀಯ ಚುನಾವಣೆ ಈ ಕ್ಷೇತ್ರಕ್ಕೆ ಹೇರಳ ಸಾಮಗ್ರಿಯನ್ನು ಒದಗಿಸಿತು. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಐದು ಮಕ್ಕಳ ತಾಯಿ. ಕೊನೆಯ ಮಗು ಡೌನ್ ಸಿಂಡ್ರೋಮ್‌ನೊಡನೆ ಅದೇ ಏಪ್ರಿಲ್‌ನಲ್ಲಿ ಹುಟ್ಟಿತ್ತು. ಇಷ್ಟು ಎಳೆಯ ಮಗುವಿರುವಾಗ ಆಕೆ ಆ ಹುದ್ದೆಗೆ ಒಪ್ಪಬಹುದಿತ್ತೇ ಎಂಬ ಚರ್ಚೆ ಪತ್ರಿಕೆ ಮತ್ತು ವಾಹಿನಿಗಳಲ್ಲಿ ನಡೆಯಿತು. ಅದೇ ಚುನಾವಣೆಯಲ್ಲಿ ಹತ್ತು ಮತ್ತು ಏಳು ವರ್ಷದ ಹೆಣ್ಣುಮಕ್ಕಳ ತಂದೆ ಬರಾಕ್ ಒಬಾಮ ಅಧ್ಯಕ್ಷ ಸ್ಥಾನಕ್ಕೇ ನಿಂತಿದ್ದರು. ಅವರ ಮಕ್ಕಳು ಸಭೆಗಳ ಶೋಭೆ ಹೆಚ್ಚಿಸಿದರೇ ಹೊರತು ತಂದೆಯ ಅರ್ಹತೆಯ ಮೇಲೆ ಪ್ರಶ್ನೆಯಾಗಲಿಲ್ಲ. ಡಯಾನಾ ಕಾರ್ಲಿನ್ ಮತ್ತು ಕೆಲ್ಲಿ ವಿನ್‌ಫ್ರೀ 2009ರ ಲೇಖನದಲ್ಲಿ ಹಿಲರಿ ಕ್ಲಿಂಟನ್ ಮತ್ತು ಪೇಲಿನ್ ಇಬ್ಬರ ಚಿತ್ರಣವನ್ನೂ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ಕಂಪನಿಗಳ ಉದ್ಯೋಗಿ ಮಹಿಳೆಯರ ಬಗ್ಗೆ ರೂಪಿಸಿದ್ದ ನಾಲ್ಕು ಅಚ್ಚುಗಳಲ್ಲಿಟ್ಟು ನೋಡಿದರು: ಮೋಹಿನಿ, ತಾಯಿ, ಮುದ್ದಿನ ಕೂಸು, ಉಕ್ಕಿನ ಹೆಣ್ಣು. ಪಕ್ಷ ಯಾವುದೇ ಇರಲಿ, ಅಚ್ಚು ತಪ್ಪಲಿಲ್ಲ.

ಇಲ್ಲಿಂದ ಮುಂದೆ ಸಂಶೋಧನೆ ವರದಿಯನ್ನು ಬಿಟ್ಟು ಓದುಗನ ಕಡೆಗೆ ತಿರುಗಿತು. ಒಬ್ಬ ಕಾಲ್ಪನಿಕ ಅಭ್ಯರ್ಥಿಯ ಪರಿಚಯವನ್ನು ಸಿದ್ಧಪಡಿಸಿ, ಲಿಂಗ ಮತ್ತು ಮಕ್ಕಳ ವಿವರಗಳನ್ನಷ್ಟೇ ಬದಲಿಸಿ ಬೇರೆ ಬೇರೆ ಗುಂಪುಗಳಿಗೆ ಓದಲು ಕೊಟ್ಟು ಅಭಿಪ್ರಾಯ ಪಡೆಯುವ ಪ್ರಯೋಗ ವಿಧಾನವನ್ನು ಬ್ರಿಟನಿ ಸ್ಟಾಲ್ಸ್‌ಬರ್ಗ್ 2010ರಲ್ಲಿ ಬಳಸಿದರು. ತಾಯಂದಿರಿಗಿಂತ ಮಕ್ಕಳಿಲ್ಲದ ಮಹಿಳೆಗೆ ಕಡಿಮೆ ಅಂಕ ಬಂದದ್ದು ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಗ್ರೇಸ್ ಡೀಸನ್, ಜಿಲ್ ಗ್ರೀನ್ಲೀ, ಕ್ಯಾರಿ ಲ್ಯಾಂಗ್ನರ್ 2015ರಲ್ಲಿ ‘ರಾಜಕೀಯಗೊಂಡ ತಾಯ್ತನ’ ಎಂಬ ಪರಿಕಲ್ಪನೆಯ ಮೂಲಕ, ತಾಯ್ತನವನ್ನು ಪ್ರಚಾರದ ಬಂಡವಾಳವಾಗಿ ಬಳಸುವ ಪದ್ಧತಿ ಬಾಗಿಲನ್ನು ತೆರೆಯುವುದರ ಜೊತೆಗೇ ಚೌಕಟ್ಟನ್ನೂ ಹಾಕುತ್ತದೆ ಎಂದು ವಾದಿಸಿದರು. ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಸ್ಟಾಲ್ಸ್‌ಬರ್ಗ್ ಮತ್ತು ಮೋನಾ ಕ್ಲೈನ್‌ಬರ್ಗ್ ಅವರ 2016ರ ಅಧ್ಯಯನ: ಅಭ್ಯರ್ಥಿಗಳ ಪ್ರಚಾರ ಜಾಲತಾಣಗಳನ್ನು ಪರಿಶೀಲಿಸಿದಾಗ, ಹೆಂಡತಿ ಮಕ್ಕಳನ್ನು ಮುಂದಿಟ್ಟುಕೊಂಡು ನಿಲ್ಲುವವರು ಹೆಚ್ಚಾಗಿ ಗಂಡಸರು, ತಮ್ಮ ಕುಟುಂಬವನ್ನು ಹಿನ್ನೆಲೆಗೆ ಸರಿಸುವವರು ಹೆಂಗಸರು ಎಂದು ಅವರು ಕಂಡರು.

ಹಿನ್ನೆಲೆಗೆ ಸರಿಸಲು ಮಕ್ಕಳೇ ಇಲ್ಲದವರ ಪಾಡನ್ನು ಕಾಮನ್‌ವೆಲ್ತ್ ದೇಶಗಳ ಉದಾಹರಣೆಗಳು ತೋರಿಸಿವೆ. ಆಸ್ಟ್ರೇಲಿಯದ ರಾಜಕಾರಣಿ ಜೂಲಿಯಾ ಗಿಲಾರ್ಡ್ ಅವರ ಅಡುಗೆಮನೆಯಲ್ಲಿದ್ದ ಖಾಲಿ ಹಣ್ಣಿನ ಬಟ್ಟಲಿನ ಛಾಯಾಚಿತ್ರ 2005ರಲ್ಲಿ ದೊಡ್ಡ ಸುದ್ದಿಯಾಯಿತು. 2007ರಲ್ಲಿ ಸೆನೆಟರ್ ಬಿಲ್ ಹೆಫರ್ನನ್ ಅವರನ್ನೇ ಕುರಿತು, ಬೇಕೆಂದೇ ಬಂಜೆಯಾಗಿ ಉಳಿದವರು ನಾಯಕತ್ವಕ್ಕೆ ಯೋಗ್ಯರಲ್ಲ ಎಂಬ ಮಾತನ್ನಾಡಿದರು. ಬ್ರಿಟನ್ನಿನಲ್ಲಿ ರೋಸಿ ಕ್ಯಾಂಬೆಲ್ ಮತ್ತು ಸಾರಾ ಚೈಲ್ಡ್ಸ್ ಸಂಸದರ ಸಮೀಕ್ಷೆ ನಡೆಸಿ, ಮಹಿಳಾ ಸಂಸದರಲ್ಲಿ 45% ಮಂದಿಗೆ ಮಕ್ಕಳಿಲ್ಲ, ಪುರುಷರಲ್ಲಿ ಈ ಪ್ರಮಾಣ 28% ಎಂದು ತೋರಿಸಿದ್ದರು. ಆದರೂ 2016ರ ಜುಲೈನಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದ ಆಂಡ್ರಿಯಾ ಲೆಡ್ಸಮ್, ತಾಯಿಯಾದ ತನಗೆ ದೇಶದ ಭವಿಷ್ಯದಲ್ಲಿ ನೇರ ಪಾಲಿದೆ ಎಂದು, ಮಕ್ಕಳಿಲ್ಲದ ಪ್ರತಿಸ್ಪರ್ಧಿ ಥೆರೇಸಾ ಮೇ ಅವರೊಡನೆ ಹೋಲಿಕೆ ಬರುವಂತೆ ಸಂದರ್ಶನವಿತ್ತರು. ಅದರಿಂದೆದ್ದ ಗದ್ದಲದ ನಡುವೆ ಸ್ಪರ್ಧೆಯಿಂದ ಹಿಂದೆ ಸರಿದವರೂ ಅವರೇ. ನ್ಯೂಜಿಲೆಂಡ್‌ನ ಜಸಿಂಡಾ ಆರ್ಡರ್ನ್ ಈ ಎರಡೂ ತುದಿಗಳನ್ನು ಮುಟ್ಟಿಬಂದವರು. 2017ರ ಆಗಸ್ಟ್ 1ರಂದು ಪಕ್ಷದ ನಾಯಕಿಯಾದ ದಿನವೇ ಮಕ್ಕಳನ್ನು ಹೆರುವ ಯೋಚನೆಯಿದೆಯೇ ಎಂಬ ಪ್ರಶ್ನೆಯನ್ನು ಟಿವಿಯಲ್ಲಿ ಎದುರಿಸಿದರು. ಪ್ರಧಾನಿಯಾಗಿ 2018ರ ಜೂನ್‌ನಲ್ಲಿ ಮಗಳನ್ನು ಹೆತ್ತರು. 2023ರಲ್ಲಿ ರಾಜೀನಾಮೆ ಕೊಟ್ಟಾಗ, ಮಹಿಳೆಯರು ಎಲ್ಲವನ್ನೂ ಪಡೆಯಲು ಸಾಧ್ಯವೇ ಎಂದು ಕೇಳುವ ತಲೆಬರಹ ಹಾಕಿದ ಬಿಬಿಸಿ ಅದನ್ನು ಬದಲಾಯಿಸಬೇಕಾಯಿತು.

ಇಷ್ಟಾದರೂ ಕ್ಷೇತ್ರದಲ್ಲಿ ಒಮ್ಮತವಿಲ್ಲ. ಡ್ಯಾನಿ ಹೇಯ್ಸ್ ಮತ್ತು ಜೆನಿಫರ್ ಲಾಲೆಸ್ 2016ರ ಪುಸ್ತಕದಲ್ಲಿ 2010 ಮತ್ತು 2014ರ ಅಮೆರಿಕದ ಪ್ರತಿನಿಧಿ ಸಭೆಯ ಚುನಾವಣೆಗಳ ಸ್ಥಳೀಯ ಪತ್ರಿಕಾ ವರದಿಗಳನ್ನು ಪರಿಶೀಲಿಸಿ, ಗಂಡು ಹೆಣ್ಣು ಅಭ್ಯರ್ಥಿಗಳ ವರದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಪಕ್ಷ ಮತ್ತು ಸ್ಪರ್ಧೆಯ ತೀವ್ರತೆಯೇ ಮುಖ್ಯ ಎಂದು ನಿರ್ಣಯಿಸಿದರು. ನಂತರ ಡಾಫ್ನೆ ವಾನ್ ಡೆರ್ ಪಾಸ್ ಮತ್ತು ಲೂಸ್ ಆಲ್ಡರಿಂಗ್ 2020ರಲ್ಲಿ 90 ಅಧ್ಯಯನಗಳನ್ನು ಒಟ್ಟುಗೂಡಿಸಿ ಮೆಟಾ-ವಿಶ್ಲೇಷಣೆ, ಎಂದರೆ ಬಿಡಿ ಅಧ್ಯಯನಗಳ ಫಲಿತಾಂಶಗಳನ್ನು ಸೇರಿಸಿ ಮತ್ತೆ ಲೆಕ್ಕಹಾಕುವ ಕ್ರಮ, ನಡೆಸಿದಾಗ ಚಿತ್ರ ಮತ್ತೆ ಜಟಿಲವಾಯಿತು: ಮಹಿಳೆಯರಿಗೆ ಸಿಗುವ ಪ್ರಚಾರದ ಕೊರತೆ ಮುಖ್ಯವಾಗಿ ಪ್ರಮಾಣಾನುಗುಣ ಪ್ರಾತಿನಿಧ್ಯವಿರುವ ದೇಶಗಳಲ್ಲಿ ಕಾಣುತ್ತದೆ, ರೂಪ ಮತ್ತು ಖಾಸಗಿ ಬದುಕಿನ ಮೇಲಿನ ಗಮನವಾದರೋ ಮಹಿಳೆಯರ ಮೇಲೆಯೇ ಹೆಚ್ಚು. ಹೇಯ್ಸ್ ಮತ್ತು ಲಾಲೆಸ್ ಅವರ ಎಣಿಕೆಯನ್ನು ಅಲ್ಲಗಳೆಯಬೇಕಾದ ಕಾರಣವಿಲ್ಲ. ಆದರೆ ಎಣಿಕೆಗೆ ಸಿಗುವುದು ಅಚ್ಚಾದ ಸಾಲು ಮಾತ್ರ. ಪ್ರಶ್ನೆ ಬರುವುದೆಂದು ಮೊದಲೇ ಊಹಿಸಿ ಜಾಲತಾಣದಿಂದ ಮಕ್ಕಳ ಚಿತ್ರವನ್ನು ತೆಗೆದವಳ, ಮಗು ದೊಡ್ಡದಾಗಲಿ ಎಂದು ಐದು ವರ್ಷ ಕಾದವಳ, ಉಮೇದುವಾರಿಕೆಯನ್ನೇ ಸಲ್ಲಿಸದವಳ ಲೆಕ್ಕ ಯಾವ ಪತ್ರಿಕೆಯ ಕಡತದಲ್ಲೂ ಇರುವುದಿಲ್ಲ. ಅಮೆರಿಕದ ಫೆಡರಲ್ ಚುನಾವಣಾ ಆಯೋಗ 2018ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಅಭ್ಯರ್ಥಿ ಲ್ಯೂಬಾ ಗ್ರೆಚೆನ್ ಶರ್ಲಿ ಅವರಿಗೆ ಪ್ರಚಾರ ನಿಧಿಯಿಂದ ಮಕ್ಕಳ ಪಾಲನೆಯ ವೆಚ್ಚ ಭರಿಸಲು ಅನುಮತಿಯಿತ್ತದ್ದರ ಮಹತ್ವ ಇಲ್ಲಿದೆ. ವರದಿಗಾರರ ಪ್ರಶ್ನೆಗೆ ಖರ್ಚುಪಟ್ಟಿಯಲ್ಲೊಂದು ಉತ್ತರ ದೊರೆಯಿತು.

ಈ ಸಾಧನಗಳನ್ನು ಭಾರತದ ಸಾಮಗ್ರಿಗೆ ಹಚ್ಚಲು ಹೊರಟರೆ ತೊಡಕುಗಳು ಎದುರಾಗುತ್ತವೆ. 1999ರ ಬಳ್ಳಾರಿ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಬ್ಬರೂ ತಾಯಂದಿರೇ. ಆದರೆ ಆ ಸ್ಪರ್ಧೆಗೆ ಅಂಟಿದ್ದು ‘ವಿದೇಶಿ ಸೊಸೆ’, ‘ಸ್ವದೇಶಿ ಮಗಳು’ ಎಂಬ ಪಟ್ಟಿಗಳು. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದಲ್ಲ, ಯಾವ ಮನೆಯವಳು ಎಂದು ಇಲ್ಲಿ ಕೇಳಲಾಯಿತು. 2019ರಲ್ಲಿ ಮಂಡ್ಯದಿಂದ ಪಕ್ಷೇತರರಾಗಿ ನಿಂತ ಸುಮಲತಾ ಅವರ ಬಗ್ಗೆ, ಗಂಡ ತೀರಿ ತಿಂಗಳುಗಳೂ ಕಳೆದಿಲ್ಲ, ರಾಜಕೀಯ ಯಾಕೆ ಬೇಕಿತ್ತು ಎಂಬರ್ಥದ ಮಾತನ್ನು ಆಗಿನ ಸಚಿವ ಎಚ್.ಡಿ. ರೇವಣ್ಣ ಆಡಿದಾಗ ಅದು ಸುದ್ದಿವಾಹಿನಿಗಳಲ್ಲಿ ಚರ್ಚೆಯಾಯಿತು. ಅವರು 1,25,876 ಮತಗಳ ಅಂತರದಿಂದ ಗೆದ್ದರು. ಸೊಸೆ, ಮಗಳು, ವಿಧವೆ, ‘ಅಮ್ಮ’ ಎಂಬ ನೆಂಟಸ್ತಿಕೆಯ ಹೆಸರುಗಳ ಮೂಲಕ ಸಾಗುವ ಈ ಬಗೆಯ ಚಿತ್ರಣಕ್ಕೆ ಅಮೆರಿಕದ ಸೆನೆಟ್ ವರದಿಗಳಿಗಾಗಿ ಕಟ್ಟಿದ ವರ್ಗಗಳು ಹೊಂದುವುದಿಲ್ಲ. ಜೊತೆಗೆ, ಮಾತು ಹುಟ್ಟುವುದು ಪ್ರಚಾರದ ವೇದಿಕೆಯಲ್ಲಿ, ಬೆಳೆಯುವುದು ಸ್ಟುಡಿಯೋದ ಸಂಜೆಯ ಚರ್ಚೆಯಲ್ಲಿ. ಪತ್ರಿಕೆಯ ಕಲಮುಗಳನ್ನು ಅಳೆಯಲು ರೂಪುಗೊಂಡ ವಿಧಾನ ವಾಹಿನಿಯ ಚರ್ಚೆಯನ್ನು ಅಳೆಯಬೇಕಾದರೆ ಆ ಗಂಟೆಗಳನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ನಿರೂಪಕ ಯಾರಿಗೆ ಯಾವ ಪ್ರಶ್ನೆ ಕೇಳಿದ ಎಂಬುದನ್ನು ಗುರುತು ಹಾಕುವುದರಿಂದಲೇ ಕೆಲಸ ಆರಂಭವಾಗಬೇಕು.