ಒಬ್ಬ ಹೆವಿವೇಟ್ ಬಾಕ್ಸರ್, ಹಲವು ಗುರುಗಳು

1994ರ ಸೆಪ್ಟೆಂಬರ್ 24ರಂದು ಲಂಡನ್ನಿನ ವೆಂಬ್ಲಿಯಲ್ಲಿ ಲೆನಾಕ್ಸ್ ಲೂಯಿಸ್ ತನ್ನ ಹೆವಿವೇಟ್ ಪಟ್ಟ ಕಳೆದುಕೊಂಡ. ಎರಡನೇ ರೌಂಡ್ ಶುರುವಾಗಿ ಅರ್ಧ ನಿಮಿಷವಾಗಿತ್ತಷ್ಟೆ. ಇಬ್ಬರೂ ಬಹುತೇಕ ಒಂದೇ ಗಳಿಗೆಗೆ ಬಲಗೈ ಬೀಸಿದರು, ಆಲಿವರ್ ಮೆಕಾಲ್‌ನ ಗುದ್ದು ಮೊದಲು ತಲುಪಿತು. ಲೆನಾಕ್ಸ್ ಎದ್ದು ನಿಂತನಾದರೂ ಕಾಲು ಹಿಡಿತಕ್ಕೆ ಸಿಗಲಿಲ್ಲ, ರೆಫರಿ ಪಂದ್ಯ ನಿಲ್ಲಿಸಿದ. ಆ ಬಲಗೈಗೆ ಜಾಗವಿದೆ ಎಂದು ಮೊದಲೇ ಗುರುತಿಸಿ ಮೆಕಾಲ್‌ನನ್ನು ತಯಾರು ಮಾಡಿದ್ದವನು ಡೆಟ್ರಾಯಿಟ್‌ನ ತರಬೇತುದಾರ ಇಮ್ಯಾನುಯೆಲ್ ಸ್ಟೀವರ್ಡ್. ಸೋತ ಲೆನಾಕ್ಸ್ ಮಾಡಿದ ಮೊದಲ ಜಾಣ ಕೆಲಸವೆಂದರೆ ಅದೇ ಸ್ಟೀವರ್ಡ್‌ನನ್ನು ತನ್ನ ಕಡೆ ಕರೆದುಕೊಂಡದ್ದು. ಮುಂದೆ ಲೆನಾಕ್ಸ್ ತನ್ನ ಕಾಲದ ಅತ್ಯುತ್ತಮ ಹೆವಿವೇಟ್ ಆದ. ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಗುರುವಿನ ಪವಾಡವೆಂದು ಹೇಳುತ್ತಾರೆ: ಒರಟು ಕಲ್ಲಿತ್ತು, ಶಿಲ್ಪಿ ಬಂದ, ಮೂರ್ತಿ ಆಯಿತು. ಗರಡಿಯ ಉಸ್ತಾದರ ಕಥೆ ಕೇಳಿ ಬೆಳೆದ ನಮಗೆ ಇದು ಸುಲಭವಾಗಿ ಹಿಡಿಸುತ್ತದೆ. ಆದರೆ ಹೆವಿವೇಟ್ ಬಾಕ್ಸಿಂಗ್‌ನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಕೌಶಲ ಹಲವು ಕೈಗಳ ಕೆಲಸ. ಹೆಸರು ಪಡೆದ ಕೊನೆಯ ಗುರು ಹೊಸದಾಗಿ ಸೇರಿಸಿದ್ದು ಸ್ವಲ್ಪವೇ. ಹಿಂದಿನವರು ಕೊಟ್ಟದ್ದರಲ್ಲಿ ಯಾವುದನ್ನು ಮುಟ್ಟಬಾರದು, ಯಾವ ಒಂದೆರಡು ತಪ್ಪನ್ನು ತಿದ್ದಲೇಬೇಕು ಎಂದು ಆರಿಸುವುದರಲ್ಲೇ ಅವನ ದೊಡ್ಡತನವಿದೆ.

ಈ ಮಾತು ಹೆವಿವೇಟ್‌ಗೆ ವಿಶೇಷವಾಗಿ ಒಪ್ಪುವುದಕ್ಕೆ ಕಾರಣವಿದೆ. ಹಗುರ ತೂಕದ ಬಾಕ್ಸರ್‌ಗಳು ಬಹುಮಟ್ಟಿಗೆ ಬಾಲ್ಯದಲ್ಲೇ ಜಿಮ್‌ಗೆ ಬರುತ್ತಾರೆ, ಅವರಿಗೆ ಪಾದದ ನಡೆ ಮಾತೃಭಾಷೆಯ ಹಾಗೆ ಬಂದಿರುತ್ತದೆ. ದೊಡ್ಡ ಮೈಯವರು ತಡವಾಗಿ ಬರುತ್ತಾರೆ, ಎಷ್ಟೋ ಸಲ ಬೇರೆ ಆಟದಲ್ಲಿ ಸೋತು ಬರುತ್ತಾರೆ. ರಾಕಿ ಮಾರ್ಸಿಯಾನೊ ಬೇಸ್‌ಬಾಲ್ ತಂಡದ ಆಯ್ಕೆಯಲ್ಲಿ ತಿರಸ್ಕೃತನಾದ ಮೇಲೆ ಪೂರ್ಣವಾಗಿ ಬಾಕ್ಸಿಂಗ್‌ಗೆ ತಿರುಗಿದವನು. ಆಂಟನಿ ಜೋಶುವಾ 18ನೇ ವಯಸ್ಸಿನಲ್ಲಿ ಶುರುಮಾಡಿ 2012ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನೂರು ಕಿಲೋ ತೂಕದವನು ತಪ್ಪಾಗಿ ಹೊಡೆದರೂ ಎದುರಾಳಿ ಬೀಳುತ್ತಾನೆ. ಬೀಳಿಸಿದ ಮೇಲೆ ಆ ತಪ್ಪನ್ನು ತಪ್ಪೆಂದು ಅವನಿಗೆ ಒಪ್ಪಿಸುವುದು ಯಾರಿಗೂ ಸಾಧ್ಯವಾಗುವುದಿಲ್ಲ. ಗೆಲುವು ಅವನ ದೋಷವನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಅದಕ್ಕೇ ಹೆವಿವೇಟ್‌ಗಳ ಕಲಿಕೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುವುದು ಅಪರೂಪ. ಅದು ಸೋಲಿನಿಂದ ಸೋಲಿಗೆ, ಗುರುವಿನಿಂದ ಗುರುವಿಗೆ ಸಾಗುತ್ತದೆ.

ಜೋ ಲೂಯಿಸ್‌ನನ್ನೇ ನೋಡಿ. 1914ರಲ್ಲಿ ಅಲಬಾಮಾದಲ್ಲಿ ಹುಟ್ಟಿ, 1926ರಲ್ಲಿ ಮನೆಯವರೊಂದಿಗೆ ಡೆಟ್ರಾಯಿಟ್‌ಗೆ ಬಂದವನು. ಬ್ರೂಸ್ಟರ್ ಕೇಂದ್ರದ ಜಿಮ್‌ನಲ್ಲಿ ಆಟ್ಲರ್ ಎಲಿಸ್ ಅವನಿಗೆ ಪ್ರಾರಂಭದ ಪಾಠ ಹೇಳಿದ, ಅದೇ ಜಿಮ್‌ನ ಚತುರ ಬಾಕ್ಸರ್ ಹಾಲ್ಮನ್ ವಿಲಿಯಮ್ಸ್ ಕೂಡ ಕಲಿಸಿದ. 1932ರ ತನ್ನ ಮೊದಲ ಅಮೆಚೂರ್ ಪಂದ್ಯದಲ್ಲಿ ಜಾನಿ ಮೈಲರ್ ಎಂಬವನ ಕೈಯಲ್ಲಿ ಜೋ ಮತ್ತೆ ಮತ್ತೆ ನೆಲಕ್ಕೆ ಬಿದ್ದು ಸೋತ. ವೃತ್ತಿಪರನಾಗುವ ಹೊತ್ತಿಗೆ ಜ್ಯಾಕ್ ಬ್ಲ್ಯಾಕ್‌ಬರ್ನ್ ಸಿಕ್ಕಿದ. ಇವನು ಹಗುರ ಮೈಯವನಾಗಿದ್ದೂ ತನಗಿಂತ ದೊಡ್ಡವರೊಂದಿಗೆ ಕಾದಾಡಿದ್ದ ಹಳೆಯ ಬಾಕ್ಸರ್. ಬಲವಿಲ್ಲದವನು ಬದುಕಿ ಉಳಿಯಲು ಬೇಕಾದ ಎಲ್ಲ ವಿದ್ಯೆಯೂ ಅವನಲ್ಲಿತ್ತು. ಅವನು ಜೋಗೆ ಕೊಟ್ಟದ್ದು ನೆಲ ಕಚ್ಚಿ ನಿಲ್ಲುವ ಪಾದ, ಸಣ್ಣ ಅಂತರದಲ್ಲಿ ಸಾಲಾಗಿ ಬರುವ ಗುದ್ದು. ಜ್ಯಾಕ್ ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ ಕಪ್ಪು ಬಾಕ್ಸರ್‌ಗಳಿಗೆ ಆ ಪಟ್ಟಕ್ಕಾಗಿ ಸೆಣಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ತೀರ್ಪುಗಾರರನ್ನು ನಂಬಿ ಕೂರುವಂತಿರಲಿಲ್ಲ, ನಾಕ್‌ಔಟ್ ಮಾಡುವುದೊಂದೇ ಭದ್ರ ದಾರಿಯಾಗಿತ್ತು. ಬ್ಲ್ಯಾಕ್‌ಬರ್ನ್‌ನ ತಂತ್ರ ಆ ಅನ್ಯಾಯಕ್ಕೆ ಕೊಟ್ಟ ಉತ್ತರವೂ ಹೌದು. ಆದರೂ ಒಂದು ದೋಷ ಅವನ ಕಣ್ಣಿನಡಿಯಲ್ಲೇ ಉಳಿದುಹೋಯಿತು. ಜ್ಯಾಬ್ (ಎಡಗೈಯ ನೇರ ಗುದ್ದು) ಹೊಡೆದು ಕೈ ಹಿಂದಕ್ಕೆ ತರುವಾಗ ಜೋ ಅದನ್ನು ಕೆಳಗಿಳಿಸುತ್ತಿದ್ದ. ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಪಂದ್ಯದ ಫಿಲ್ಮ್‌ಗಳನ್ನು ನೋಡಿ ಅದನ್ನು ಹಿಡಿದ. 1936ರ ಜೂನ್ 19ರಂದು ಯಾಂಕೀ ಸ್ಟೇಡಿಯಂನಲ್ಲಿ ಬಲಗೈ ಮೇಲೆ ಬಲಗೈ ಹಾಕಿ 12ನೇ ರೌಂಡ್‌ನಲ್ಲಿ ಜೋನನ್ನು ಮಲಗಿಸಿದ. ಆ ರಾತ್ರಿಯ ಗುರು ಷ್ಮೆಲಿಂಗನೇ ಎಂದರೆ ತಪ್ಪಲ್ಲ. ಕೈ ತಿದ್ದಿಕೊಂಡ ಜೋ 1937ರಲ್ಲಿ ಚಾಂಪಿಯನ್ ಆದ, 1938ರ ಮರುಪಂದ್ಯವನ್ನು 124 ಸೆಕೆಂಡುಗಳಲ್ಲಿ ಮುಗಿಸಿದ. 1942ರಲ್ಲಿ ಬ್ಲ್ಯಾಕ್‌ಬರ್ನ್ ತೀರಿಕೊಂಡ ನಂತರ ಮ್ಯಾನಿ ಸೀಮನ್ ತರಬೇತುದಾರನಾಗಿ ಕಾರ್ನರ್ ಹಿಡಿದ. ಪಟ್ಟವನ್ನು 25 ಸಲ ಉಳಿಸಿಕೊಂಡ ದಾಖಲೆ ಪೂರ್ತಿಯಾದದ್ದು ಅವನ ಕಾಲದಲ್ಲಿ.

ಮುಟ್ಟದೆ ಬಿಡುವ ವಿವೇಕಕ್ಕೆ ತರಬೇತುದಾರ ಚಾರ್ಲಿ ಗೋಲ್ಡ್‌ಮನ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಸೈನ್ಯದಲ್ಲಿದ್ದಾಗ ಒಂದಷ್ಟು ಕಾದಾಡಿ, ಊರಿನ ಗೆಳೆಯ ಆಲಿ ಕೊಲಂಬೊನ ಕೈಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾರ್ಸಿಯಾನೊ 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಗೋಲ್ಡ್‌ಮನ್‌ನ ಮುಂದೆ ನಿಂತಾಗ ಅವನಲ್ಲಿ ಹೆವಿವೇಟ್‌ನ ಯಾವ ಲಕ್ಷಣವೂ ಇರಲಿಲ್ಲ. ಎತ್ತರ ಆರಡಿಗೂ ಕಡಿಮೆ, ಕೈ ಗಿಡ್ಡ, ಕಾಲು ಒಂದಕ್ಕೊಂದು ತೊಡರುತ್ತಿದ್ದವು. ಪುಸ್ತಕದ ಪ್ರಕಾರ ಕಲಿಸುವವನು ಅವನನ್ನು ನೆಟ್ಟಗೆ ನಿಲ್ಲಿಸಿ ಜ್ಯಾಬ್ ಹೊಡೆಸುತ್ತಿದ್ದ, ಉದ್ದ ಕೈಯವರ ಮುಂದೆ ಅವನು ಬಹುಕಾಲ ಉಳಿಯುತ್ತಿರಲಿಲ್ಲ. ಗೋಲ್ಡ್‌ಮನ್ ಗಿಡ್ಡವನನ್ನು ಇನ್ನಷ್ಟು ಬಗ್ಗಿಸಿದ. ಬಾಗಿ ಒಳನುಗ್ಗುವವನ ತಲೆ ಹುಡುಕಬೇಕಾದರೆ ಎದುರಾಳಿ ಕೆಳಮುಖವಾಗಿ ಹೊಡೆಯಬೇಕಾಗುತ್ತದೆ, ಆಗ ಅವನ ಗುದ್ದಿನ ತೂಕ ಹೋಗುತ್ತದೆ. ಪಾದಗಳ ಅಂತರ ಸರಿಮಾಡಲು ಕಾಲಿಗೆ ದಾರ ಕಟ್ಟಿಸಿ ಅಭ್ಯಾಸ ಮಾಡಿಸಿದನೆಂದು ಹೇಳುತ್ತಾರೆ. ಎಡಗೈಯನ್ನು ಚುರುಕುಗೊಳಿಸಿದ. ಆದರೆ ಮಾರ್ಸಿಯಾನೊ ಹುಟ್ಟಿನಿಂದಲೇ ತಂದಿದ್ದ ಆ ಬಲಗೈಯನ್ನು ಚೆಂದ ಮಾಡುವ ಆಸೆಗೆ ಮಾತ್ರ ಅವನು ಬೀಳಲಿಲ್ಲ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜೆರ್ಸಿ ಜೋ ವಾಲ್ಕಾಟ್ ಮೊದಲ ರೌಂಡ್‌ನಲ್ಲೇ ಮಾರ್ಸಿಯಾನೊನನ್ನು ಬೀಳಿಸಿದ, ಹನ್ನೆರಡು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದ. 13ನೆಯದರಲ್ಲಿ ಬಂದ ಒಂದೇ ಬಲಗುದ್ದು ಪಟ್ಟವನ್ನು ಕೈಬದಲಿಸಿತು. ಮಾರ್ಸಿಯಾನೊ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದ. ಕಣ್ಣಿಗೆ ಹಿತವಲ್ಲದ ಶೈಲಿಯನ್ನು ಹಾಗೆಯೇ ಉಳಿಸಿ ಅದರೊಳಗೆ ಶಿಸ್ತು ತುಂಬಿದ್ದನ್ನು ನಾನು ಈ ಕಸುಬಿನ ಅತಿ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇದಕ್ಕೆ ಎದುರಾಗಿ ಮೈಕ್ ಟೈಸನ್‌ನ ಹೆಸರು ಹೇಳುವವರಿದ್ದಾರೆ. ಅವನನ್ನು ತರಬೇತುದಾರ ಕಸ್ ಡಿಅಮಾಟೊ ಒಬ್ಬನೇ ರೂಪಿಸಿದ ಎಂಬ ಮಾತು ಜನಜನಿತ. ನಿಜವಾಗಿ ಅಲ್ಲಿಯೂ ಕೈಗಳು ಹಲವು. ಬಾಲಾಪರಾಧಿಗಳ ಟ್ರಯಾನ್ ಶಾಲೆಯಲ್ಲಿ ಮೊದಲ ಪಾಠ ಹೇಳಿದ್ದು ಅಲ್ಲಿನ ಸಿಬ್ಬಂದಿಯಾಗಿದ್ದ ಮಾಜಿ ಬಾಕ್ಸರ್ ಬಾಬಿ ಸ್ಟುವರ್ಟ್. ತನ್ನಿಂದಾಗುವಷ್ಟು ಕಲಿಸಿ, ಅದಕ್ಕಿಂತ ಹೆಚ್ಚಿನದಕ್ಕೆ ಹುಡುಗನನ್ನು ಕ್ಯಾಟ್‌ಸ್ಕಿಲ್‌ನ ಡಿಅಮಾಟೊನ ಬಳಿಗೆ ಅವನೇ ಕರೆದೊಯ್ದ. ಅಂಥ ಔದಾರ್ಯ ಈ ಕಸುಬಿನಲ್ಲಿ ಸುಲಭವಾಗಿ ಕಾಣಸಿಗುವುದಿಲ್ಲ. ಕ್ಯಾಟ್‌ಸ್ಕಿಲ್‌ನ ಪೊಲೀಸ್ ಠಾಣೆಯ ಮೇಲಿನ ಜಿಮ್‌ನಲ್ಲಿ ದಿನನಿತ್ಯದ ಅಭ್ಯಾಸ ಮಾಡಿಸಿದವನು ಮೊದಲು ಟೆಡ್ಡಿ ಅಟ್ಲಾಸ್, ಆಮೇಲೆ ಕೆವಿನ್ ರೂನಿ. ಕೆನ್ನೆಗೆ ಅಂಟಿದ ಎರಡು ಕೈ, ಎಡೆಬಿಡದೆ ಅಲುಗುವ ತಲೆ, ಸಂಖ್ಯೆಗಳಿಂದ ಕರೆಯುವ ಗುದ್ದುಗಳು: ಈ ಪದ್ಧತಿ ಡಿಅಮಾಟೊನದೇ, ಅವನ ಹಿಂದಿನ ಶಿಷ್ಯ ಫ್ಲಾಯ್ಡ್ ಪ್ಯಾಟರ್‌ಸನ್‌ನ ಕಾಲದಿಂದ ಬಂದದ್ದು. ಆದರೆ ಡಿಅಮಾಟೊ 1985ರ ನವೆಂಬರ್‌ನಲ್ಲೇ ತೀರಿಕೊಂಡ. ಮರುವರ್ಷ 20ನೇ ವಯಸ್ಸಿನಲ್ಲಿ ಟೈಸನ್ ಪಟ್ಟ ಗೆದ್ದದ್ದು ರೂನಿಯ ಕಾವಲಿನಲ್ಲಿ. 1988ರಲ್ಲಿ ರೂನಿಯನ್ನು ತೆಗೆದುಹಾಕಿದ ಮೇಲೆ ಆ ತಲೆಯ ಚಲನೆ ಕ್ರಮೇಣ ನಿಂತಿತು, 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್‌ನ ಜ್ಯಾಬ್‌ಗಳು ನಿಂತ ತಲೆಗೆ ಬಡಿದವು, ಪಟ್ಟ ಹೋಯಿತು. ಕುಸಿತಕ್ಕೆ ಮನೆಯ ಕಲಹ, ಹಣ, ಸಹವಾಸ ಕಾರಣವೇ ಹೊರತು ತರಬೇತುದಾರನಲ್ಲ ಎನ್ನಬಹುದು. ಅವೆಲ್ಲವೂ ಇದ್ದವು, ಒಪ್ಪುತ್ತೇನೆ. ಆದರೆ ಬದುಕು ಕದಡಿದಾಗ ಮೊದಲು ಕೈಬಿಟ್ಟುಹೋಗುವುದು ದಿನವೂ ಯಾರಾದರೂ ಹೇಳಿ ಮಾಡಿಸಬೇಕಾದ ವಿದ್ಯೆಯೇ. ಟೈಸನ್‌ನ ಗುದ್ದಿನ ಬಲ ಟೋಕಿಯೊದಲ್ಲೂ ಅವನ ಜೊತೆಗಿತ್ತು, ಎಂಟನೇ ರೌಂಡ್‌ನಲ್ಲಿ ಡಗ್ಲಾಸ್ ನೆಲಕ್ಕುರುಳಿದ್ದೇ ಸಾಕ್ಷಿ. ಹೇಳಿ ಮಾಡಿಸುವವನಿರಲಿಲ್ಲ.

ಈಗ ಲೆನಾಕ್ಸ್‌ನ ವಿಷಯ. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 12ನೇ ವಯಸ್ಸಿನಲ್ಲಿ ಕೆನಡಾದ ಕಿಚನರ್ ನಗರಕ್ಕೆ ಹೋದವನು. ಅಲ್ಲಿ ಆರ್ನಿ ಬೋಯ್ಮ್ ಅವನ ಗುರುವಾದ. ಹೆವಿವೇಟ್‌ಗಳಲ್ಲಿ ಅಪರೂಪಕ್ಕೆ ಬೇಗ ಶುರುಮಾಡಿದವನು ಲೆನಾಕ್ಸ್. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಆಗ ಅಂಕ ಸಿಗುತ್ತಿದ್ದುದು ಸ್ವಚ್ಛವಾಗಿ ತಗಲುವ ಗುದ್ದಿಗೆ. ಎತ್ತರದ ಹುಡುಗನಿಗೆ ಆ ವರ್ಷಗಳು ಅಂತರದ ಅಳತೆ ಕಲಿಸಿದವು. ಬೋಯ್ಮ್ 1984ರಲ್ಲಿ ಅವನನ್ನು ಕ್ಯಾಟ್‌ಸ್ಕಿಲ್‌ಗೆ ಕರೆದೊಯ್ದು ಟೈಸನ್‌ನ ಜೊತೆ ಸ್ಪಾರಿಂಗ್ ಮಾಡಿಸಿದ, ಆ ಇಬ್ಬರೂ ಹದಿನೆಂಟು ವರ್ಷಗಳ ನಂತರ ಮೆಂಫಿಸ್‌ನಲ್ಲಿ ಪಟ್ಟಕ್ಕಾಗಿ ಎದುರಾದರು. 1988ರ ಸೋಲ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ರಿಡಿಕ್ ಬೋನನ್ನು ಎರಡನೇ ರೌಂಡ್‌ನಲ್ಲೇ ನಿಲ್ಲಿಸಿ ಚಿನ್ನ ಗೆದ್ದ ಲೆನಾಕ್ಸ್ ಮರುವರ್ಷ ವೃತ್ತಿಪರನಾದ. ಜಾನ್ ಡೇವನ್‌ಪೋರ್ಟ್ ಅವನ ಆರಂಭದ ಪಂದ್ಯಗಳನ್ನು ನೋಡಿಕೊಂಡ, ಶುಗರ್ ರೇ ಲಿಯೊನಾರ್ಡ್‌ನ ಕಾರ್ನರ್‌ನಲ್ಲಿ ಕೆಲಸ ಮಾಡಿದ್ದ ಪೆಪೆ ಕೊರಿಯಾ ಅನಂತರ ಬಂದ. 1992ರ ಅಕ್ಟೋಬರ್‌ನಲ್ಲಿ ರೇಜರ್ ರಡಕ್‌ನನ್ನು ಎರಡೇ ರೌಂಡ್‌ನಲ್ಲಿ ಮುಗಿಸಿದ ಬಲಗೈಗೆ ಲೋಕವೇ ಬೆರಗಾಯಿತು. ಅಪಾಯ ಅಲ್ಲೇ ಮೊಳೆಯಿತು. ಬಲಗೈ ಇಷ್ಟು ಕೆಲಸ ಮಾಡುವಾಗ ಎಡಗೈ ಯಾಕೆ ಬೇಕು? ಜ್ಯಾಬ್ ಸೋಮಾರಿಯಾಯಿತು, ಬಲಗೈಯನ್ನು ದೂರದಿಂದ ಎತ್ತಿ ಬೀಸುವುದು ಅಭ್ಯಾಸವಾಯಿತು. ಮೆಕಾಲ್‌ನ ಬಲಗೈ ಬಂದದ್ದು ಆ ಸಂದಿಯಿಂದ.

ಸ್ಟೀವರ್ಡ್ ಡೆಟ್ರಾಯಿಟ್‌ನ ಕ್ರಾಂಕ್ ಜಿಮ್‌ನವನು. ಕಟ್ಟಡದ ನೆಲಮಾಳಿಗೆಯಲ್ಲಿದ್ದ, ಸೆಕೆಗೆ ಹೆಸರಾದ ಜಿಮ್ ಅದು. ಅಲ್ಲಿ ಅವನು ತೆಳ್ಳನೆಯ, ಎತ್ತರದ ಟಾಮಿ ಹರ್ನ್ಸ್‌ನಿಂದ ಜ್ಯಾಬ್‌ನ ಹಿಂದೆಯೇ ಬರುವ ಭಯಂಕರ ಬಲಗೈ ಹೊರತೆಗೆದಿದ್ದ. ಎತ್ತರದವನು ಎತ್ತರದವನ ಹಾಗೆಯೇ ಕಾದಾಡಬೇಕು ಎನ್ನುವುದು ಅವನ ಪದ್ಧತಿಯ ತಿರುಳು. ಲೆನಾಕ್ಸ್‌ಗೆ ಅವನು ಹೊಸ ಗುದ್ದು ಯಾವುದನ್ನೂ ಕಲಿಸಲಿಲ್ಲ. ಪಾದದ ಸಮತೋಲ ಸರಿಪಡಿಸಿದ, ಎಡಗೈಗೆ ಮತ್ತೆ ಕೆಲಸ ಹಚ್ಚಿದ, ಬಲಗೈಯ ದಾರಿಯನ್ನು ಗಿಡ್ಡ ಮಾಡಿದ. 213 ಸೆಂಟಿಮೀಟರ್ ಕೈಚಾಚಿನ ಮನುಷ್ಯನಿಗೆ ಬೋಯ್ಮ್‌ನ ಕಾಲದ ಅಂತರದ ಅಳತೆಯನ್ನು ಮರಳಿ ಕೊಟ್ಟ ಎನ್ನಬೇಕು. 2000ದ ನವೆಂಬರ್‌ನಲ್ಲಿ ಡೇವಿಡ್ ಟುವಾನ ವಿರುದ್ಧ ಹನ್ನೆರಡು ರೌಂಡ್ ಪೂರ್ತಿ ನಡೆದದ್ದು ಆ ಎಡಗೈಯ ಪಾಠ. ಒಂದೇ ಹುಕ್‌ನಿಂದ ಯಾರನ್ನಾದರೂ ಮಲಗಿಸಬಲ್ಲ ಟುವಾ ಹತ್ತಿರ ಬರಲಾಗದೆ ಉಳಿದ. ಆ ರಾತ್ರಿ ಪ್ರೇಕ್ಷಕರು ಬೇಸರಪಟ್ಟರೂ ನಾನು ಅದನ್ನು ಲೆನಾಕ್ಸ್‌ನ ಅತ್ಯುತ್ತಮ ಪಂದ್ಯಗಳಲ್ಲಿ ಒಂದೆಂದು ಗಣಿಸುತ್ತೇನೆ.

ಸ್ಟೀವರ್ಡ್ ಇದ್ದೂ ಲೆನಾಕ್ಸ್ 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರಹ್ಮಾನ್‌ನ ಒಂದು ಬಲಗೈಗೆ ಬಿದ್ದನಲ್ಲ ಎಂಬ ಆಕ್ಷೇಪ ಸರಿಯಾದುದೇ. ಸಿನಿಮಾ ಚಿತ್ರೀಕರಣ ಮುಗಿಸಿ ತಡವಾಗಿ, ಎತ್ತರದ ಪ್ರದೇಶಕ್ಕೆ ಮೈ ಹೊಂದಿಸಿಕೊಳ್ಳದೆ ಬಂದವನನ್ನು ಯಾವ ಗುರುವೂ ಕಾಯಲಾರ. ಅದೇ ವರ್ಷದ ನವೆಂಬರ್‌ನಲ್ಲಿ ತಯಾರಾಗಿ ಬಂದ ಲೆನಾಕ್ಸ್ ನಾಲ್ಕೇ ರೌಂಡ್‌ನಲ್ಲಿ ಲೆಕ್ಕ ತೀರಿಸಿದ. ಸ್ಟೀವರ್ಡ್‌ನ ಮತ್ತೊಬ್ಬ ಶಿಷ್ಯ ವ್ಲಾಡಿಮಿರ್ ಕ್ಲಿಚ್ಕೊ ಕೂಡ ಅವನೊಂದಿಗಿನ ಮೊದಲ ಪಂದ್ಯವನ್ನೇ 2004ರಲ್ಲಿ ಲೇಮನ್ ಬ್ರೂಸ್ಟರ್‌ಗೆ ಸೋತ. ಮರುವರ್ಷ ಸ್ಯಾಮುಯೆಲ್ ಪೀಟರ್ ಮೂರು ಸಲ ಬೀಳಿಸಿದರೂ ಎದ್ದು ಅಂಕಗಳಲ್ಲಿ ಗೆದ್ದ. 2006ರಿಂದ 2015ರವರೆಗೆ ಪಟ್ಟ ಅವನಲ್ಲೇ ಇತ್ತು. ಆ ಪಟ್ಟದ ಬುನಾದಿ ಹ್ಯಾಂಬರ್ಗ್‌ನಲ್ಲಿ ಫ್ರಿಟ್ಸ್ ಜ್ಡೂನೆಕ್ ಹಾಕಿದ್ದು. ಗೆದ್ದವರನ್ನಷ್ಟೇ ಹೆಕ್ಕಿ ಹೇಳುತ್ತಿದ್ದೀರಿ, ಗುರು ಬದಲಿಸಿ ಕೆಟ್ಟವರ ಲೆಕ್ಕವೆಲ್ಲಿ ಎಂದೂ ಕೇಳಬಹುದು. ರೂನಿಯನ್ನು ಬಿಟ್ಟ ಟೈಸನ್ನೇ ಆ ಲೆಕ್ಕದಲ್ಲಿದ್ದಾನೆ. ಗುರು ಬದಲಾದರೆ ಒಳ್ಳೆಯದಾಗುತ್ತದೆ ಎಂಬುದು ನನ್ನ ವಾದವಲ್ಲ. ಹಳೆಯದನ್ನು ಓದಬಲ್ಲ ಹೊಸ ಗುರು ಸಿಕ್ಕಾಗ ಮಾತ್ರ ಬದಲಾವಣೆ ಫಲಿಸುತ್ತದೆ.

ಡಿಯಾಂಟೆ ವೈಲ್ಡರ್‌ನನ್ನು ತೋರಿಸಿ, ಗುದ್ದೊಂದಿದ್ದರೆ ಕೌಶಲವೇ ಬೇಡ ಎನ್ನುವವರಿಗೆ 2018 ಮತ್ತು 2020ರ ಎರಡು ರಾತ್ರಿಗಳು ಉತ್ತರ. ಬೆನ್ ಡೇವಿಸನ್‌ನ ಮಾರ್ಗದರ್ಶನದಲ್ಲಿ ತಪ್ಪಿಸಿಕೊಳ್ಳುತ್ತಾ ಕಾದಾಡಿದ ಟೈಸನ್ ಫ್ಯೂರಿ ಮೊದಲ ಸಲ ವೈಲ್ಡರ್‌ನೊಂದಿಗೆ ಡ್ರಾ ಮಾಡಿಕೊಂಡ, ಎರಡು ಸಲ ನೆಲವನ್ನೂ ಕಂಡ. ಅನಂತರ ಅವನು ಸ್ಟೀವರ್ಡ್‌ನ ಸೋದರಳಿಯ ಶುಗರ್‌ಹಿಲ್‌ನನ್ನು ಕರೆತಂದು ಮುನ್ನುಗ್ಗುವ ಕ್ರಾಂಕ್ ಕ್ರಮಕ್ಕೆ ತಿರುಗಿದ, ಏಳನೇ ರೌಂಡ್‌ನಲ್ಲಿ ವೈಲ್ಡರ್‌ನ ಕಾರ್ನರ್ ಟವೆಲ್ ಎಸೆಯಿತು. ಡೇವಿಸನ್ ಮರಳಿ ಕೊಟ್ಟ ಮೈಯಿಲ್ಲದೆ ಶುಗರ್‌ಹಿಲ್‌ನ ಪಾಠ ನಿಲ್ಲುತ್ತಿರಲಿಲ್ಲ: ಅದಕ್ಕೂ ಮೊದಲು ಎರಡೂವರೆ ವರ್ಷ ರಿಂಗ್‌ನಿಂದ ದೂರವಿದ್ದು ಊದಿಹೋಗಿದ್ದ ಫ್ಯೂರಿಯನ್ನು ಮತ್ತೆ ಬಾಕ್ಸರ್ ಮಾಡಿದವನು ಡೇವಿಸನ್. ಬಾಕ್ಸಿಂಗ್‌ನ ಇತಿಹಾಸ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ಸ್ಟೀವರ್ಡ್, ಡಿಅಮಾಟೊ, ಬ್ಲ್ಯಾಕ್‌ಬರ್ನ್‌ರ ಹೆಸರು ಬರೆಯುವ ಪುಟದಲ್ಲೇ ಆರ್ನಿ ಬೋಯ್ಮ್, ಬಾಬಿ ಸ್ಟುವರ್ಟ್, ಆಟ್ಲರ್ ಎಲಿಸ್‌ರ ಹೆಸರನ್ನೂ ಅದೇ ಅಕ್ಷರದಲ್ಲಿ ಬರೆಯಿರಿ.