ಮರದ ಕೆಚ್ಚು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಸ್ಥಾನ ಇವತ್ತಿಗೂ ನಿಂತಿದೆ. ಅದನ್ನು ಕೆತ್ತಿದ ಶಿಲ್ಪಿಗಳು ಮಲಗುತ್ತಿದ್ದ ಮನೆ ಒಂದಾದ್ರೂ ಉಳಿದಿದೆಯಾ? ಇಲ್ಲ. ದೇವರಿಗೆ ಬಳಪದ ಕಲ್ಲು, ಜನಕ್ಕೆ ಮಣ್ಣು ಮತ್ತು ಮರ. ಹಾಸನದ ಇತಿಹಾಸ ಅಂದ್ರೆ ಬರೀ ಕಲ್ಲು ಅಂತ ನಮಗೆ ಅನ್ನಿಸೋದು ಅದಕ್ಕೇ. ಉಳಿದರ್ಧ ಇತಿಹಾಸವನ್ನು ಗೆದ್ದಲು ತಿಂದಿದೆ.

ಆದರೂ ಹೊಳೆನರಸೀಪುರ, ಅರಕಲಗೂಡು ಕಡೆ ಹಳೇ ತೊಟ್ಟಿಮನೆಗಳು ಇನ್ನೂ ಸಿಗುತ್ತವೆ. ಅವು ಅದೃಷ್ಟದಿಂದ ಉಳಿದದ್ದಲ್ಲ. ಮರದ ನಡುವಿನ ಗಟ್ಟಿ ಕಪ್ಪು ಭಾಗಕ್ಕೆ ನಮ್ಮಲ್ಲಿ ಕೆಚ್ಚು ಅಂತಾರೆ. ಕೆಚ್ಚೆದೆ ಅನ್ನೋ ಮಾತಿನಲ್ಲಿರೋದೂ ಇದೇ ಕೆಚ್ಚು. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತೆ, ಕುಟ್ಟೆ ಹುಳಕ್ಕೆ ಅದೇ ಊಟ. ಕೆಚ್ಚಿನಲ್ಲಿ ಪಿಷ್ಟ ಹೋಗಿ, ಹುಳಕ್ಕೆ ಒಗ್ಗದ ಅಂಟು, ಒಗರು ತುಂಬಿರುತ್ತೆ. ಹಾಗಾಗಿ ಹೊನ್ನೆ, ಬೀಟೆ, ತೇಗ, ಹಲಸುಗಳ ಕೆಚ್ಚು ತಲೆಮಾರುಗಟ್ಟಲೆ ಬಾಳುತ್ತೆ. ಅರಕಲಗೂಡಿನ ಪಡುವಣ ಅಂಚು ಮಲೆನಾಡಿಗೆ ತಾಗುತ್ತದೆ, ಅಲ್ಲಿ ಇಂಥ ಮರಕ್ಕೆ ದೂರ ಹೋಗಬೇಕಿರಲಿಲ್ಲ. ಚನ್ನರಾಯಪಟ್ಟಣದ ಬಯಲಿನಲ್ಲಿ ಬೇವು, ತೆಂಗು. ತೆಂಗಿನದು ಉಲ್ಟಾ ಲೆಕ್ಕ: ಗಟ್ಟಿ ಇರೋದು ಹೊರಗೆ, ಒಳಗೆಲ್ಲ ಮೆತ್ತಗೆ. ಒಳಗಿನದನ್ನು ಕೆತ್ತಿ ತೆಗೆದರೆ ಮಳೆನೀರಿನ ದೋಣಿ ರೆಡಿ.

ಕಡಿದ ಮರವನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡ್ತಿದ್ದರು. ನೀರು ಪಿಷ್ಟವನ್ನು ತೊಳೆದು ಹಾಕುತ್ತಿತ್ತು. ಆಮೇಲೆ ನೆರಳಲ್ಲಿ ನಿಧಾನ ಒಣಗಿಸೋದು. ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತೆ. ಕಂಬವನ್ನು ನೆಲಕ್ಕೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದರೆ ತೇವ ಮೇಲೇರಲ್ಲ. ಒಲೆಯ ಹೊಗೆ ಅಟ್ಟದ ಜಂತೆಗಳನ್ನು ದಿನಾ ಒಣಗಿಸಿ, ಹುಳ ಓಡಿಸುತ್ತಿತ್ತು.

ವಿಜ್ಞಾನ ಇದಕ್ಕೆ ಉಪ್ಪಿನ ದಾರಿ ಹುಡುಕಿದ್ದು 1933ರಲ್ಲಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ 'ಆಸ್ಕು' ಅನ್ನೋ ದ್ರಾವಣ ಮಾಡಿದರು. ತಾಮ್ರ ಬೂಷ್ಟು ತಡೆಯುತ್ತೆ, ಆರ್ಸೆನಿಕ್ ಹುಳ ಕೊಲ್ಲುತ್ತೆ, ಕ್ರೋಮಿಯಂ ಎರಡನ್ನೂ ಮರಕ್ಕೆ ಕಚ್ಚಿಸುತ್ತೆ. ಒತ್ತಡ ಹಾಕಿ ಇದನ್ನು ಒಳಗೆ ಇಳಿಸಿದರೆ ಅಗ್ಗದ ಮರವೂ ಬಾಳಿಕೆ ಬರುತ್ತೆ. ಭಾರತದಲ್ಲಿ ಹುಟ್ಟಿದ ಈ ಸೂತ್ರ ಪ್ರಪಂಚವನ್ನೇ ಸುತ್ತಿತು. ಆದರೆ ಆರ್ಸೆನಿಕ್ ವಿಷ ತಾನೇ. ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕೋದು ನಿಲ್ಲಿಸಿದರು.

ಈಗ ನಮ್ಮೂರುಗಳಲ್ಲಿ ಹಳೇ ಮನೆ ಕೆಡವಿ ಆರ್‌ಸಿಸಿ ಹಾಕ್ತಾ ಇದ್ದೀವಿ. ತೊಲೆ, ಬಾಗಿಲು ಗುಜರಿ ಲೆಕ್ಕದಲ್ಲಿ ಹೋಗ್ತವೆ. ಆ ದುಡ್ಡಿನ ಮೇಲೆ ಇನ್ನಷ್ಟು ಹಾಕಿ ಎಳೇ ತೇಗದ ಬಾಗಿಲು ತರ್ತೀವಿ. ಅದರಲ್ಲಿ ಬಿಳಿ ಭಾಗವೇ ಜಾಸ್ತಿ. ಕೆಲವೇ ವರ್ಷಕ್ಕೆ ಚೌಕಟ್ಟಿನ ಕೆಳಗೆ ಹಿಟ್ಟು ಉದುರುತ್ತೆ. ಹಳೇ ತೊಲೆಯಲ್ಲಿ ಸಾಮಾನ್ಯವಾಗಿ ಕೊಳೆಯೋದು ಗೋಡೆಯೊಳಗೆ ಸಿಕ್ಕಿಕೊಂಡ ತುದಿ, ಇಲ್ಲಾ ಹೆಂಚು ಸೋರಿದ ಜಾಗ. ಮಿಕ್ಕಿದ್ದು ಗಟ್ಟಿಯಾಗೇ ಇರಬಹುದು. ಆದ್ದರಿಂದ ಜೆಸಿಬಿಗೆ ಫೋನ್ ಮಾಡೋ ಮೊದಲು ಊರಿನ ಆಚಾರ್ರನ್ನ ಕರೆಸಿ, ತೊಲೆಗೆ ಒಂದ್ಸಲ ಉಳಿ ಊರಿ ನೋಡಿ. ಕೆಚ್ಚು ಇದ್ದರೆ ಅದು ಹೊಸ ಮನೆಯ ಬಾಗಿಲಾಗುತ್ತೆ.