ವಿಸ್ಟಾ (ಆಸ್ಪತ್ರೆ ತಂತ್ರಾಂಶ)

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹುಟ್ಟಿ ಅಲ್ಲೇ ಬೆಳೆದ ಗಣಕ ವ್ಯವಸ್ಥೆ. ಹೊರಗಿನ ಕಂಪನಿಯೊಂದು ಮಾಡಿಕೊಟ್ಟ ಸರಕಲ್ಲ. ವೈದ್ಯರು, ಔಷಧ ವಿತರಕರು, ನರ್ಸ್‌ಗಳ ಪಕ್ಕದಲ್ಲೇ ಕೂತು ಬರೆದದ್ದು.

ಶುರುವಾದದ್ದು 1977ರಲ್ಲಿ. ಈ ಆಸ್ಪತ್ರೆಗಳನ್ನು ನಡೆಸುವ ಮಾಜಿ ಸೈನಿಕರ ಇಲಾಖೆಯ ಟೆಡ್ ಓನೀಲ್ ಮತ್ತು ಮಾರ್ಟಿ ಜಾನ್ಸನ್ ಪ್ರೋಗ್ರಾಮರ್‌ಗಳನ್ನು ಕೇಂದ್ರ ಕಚೇರಿಯಲ್ಲಿ ಗುಡ್ಡೆಹಾಕದೆ ಊರೂರಿನ ಆಸ್ಪತ್ರೆಗಳಿಗೇ ಕಳಿಸಿದರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲಿ ರೂಪುಗೊಂಡ ಮಂಪ್ಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇವರ ಕೈಗೆ ಒಗ್ಗಿತು. ಜಾರ್ಜ್ ಟಿಮ್ಸನ್ ಬರೆದ ಫೈಲ್‌ಮ್ಯಾನ್ ಎಂಬ ಕಡತ ತಂತ್ರಾಂಶ ಬಂದ ಮೇಲಂತೂ ಹೊಸ ಕಡತದ ನಮೂನೆ ಬೇಕೆಂದಾಗ ಪ್ರೋಗ್ರಾಂ ಬರೆಯುವುದೇ ಬೇಕಿರಲಿಲ್ಲ. ನರ್ಸ್ ಬೆಳಿಗ್ಗೆ ಹೇಳಿದ ತೊಡಕು ಎದುರಿಗೇ ಸರಿಹೋಗುವಂತಿತ್ತು. ದೊಡ್ಡ ಯಂತ್ರ, ಒಂದೇ ಕೇಂದ್ರ ಎಂದು ನಂಬಿದ್ದ ಮೇಲಿನ ಗಣಕ ವಿಭಾಗಕ್ಕೆ ಇದು ಹಿಡಿಸಲಿಲ್ಲ. ಕೆಲವರ ಕೆಲಸವೇ ಹೋಯಿತು. ಉಳಿದವರು ಸದ್ದಿಲ್ಲದೆ ಕೆಲಸ ಮುಂದುವರಿಸಿದರು. ಗುಲಾಮರು ತಪ್ಪಿಸಿಕೊಂಡು ಹೋಗುತ್ತಿದ್ದ ಗುಪ್ತದಾರಿಯ ಹೆಸರಾದ 'ಅಂಡರ್‌ಗ್ರೌಂಡ್ ರೈಲ್‌ರೋಡ್' ಈ ಗುಂಪಿಗೂ ಅಂಟಿತು. 1982ರಲ್ಲಿ ಇಲಾಖೆಯ ಮುಖ್ಯಸ್ಥ ರಾಬರ್ಟ್ ನಿಮ್ಮೊ ಆದೇಶ ಹೊರಡಿಸಿದ ಮೇಲೆ ಕಳ್ಳಗೆಲಸ ಸರ್ಕಾರಿ ಕೆಲಸವಾಯಿತು. ವಿಸ್ಟಾ ಎಂಬ ಹೆಸರು ಬಂದದ್ದು 1990ರ ದಶಕದಲ್ಲಿ.

ಇದರ ಹೆಸರಾದ ಭಾಗವೊಂದಕ್ಕೆ ಮೂಲ ಒಂದು ಬಾಡಿಗೆ ಕಾರು. 1992ರಲ್ಲಿ ಕಾನ್ಸಾಸ್‌ನ ಟೊಪೀಕಾ ಆಸ್ಪತ್ರೆಯ ನರ್ಸ್ ಸ್ಯೂ ಕಿನಿಕ್ ಕಾರು ಹಿಂದಿರುಗಿಸುವಾಗ, ಅಲ್ಲಿನ ಕೆಲಸಗಾರ ಕೈಯಲ್ಲಿದ್ದ ಸ್ಕ್ಯಾನರನ್ನು ಗಾಡಿಯ ಬಾರ್‌ಕೋಡಿಗೆ ಹಿಡಿದ. ಕಾರಿಗೆ ಆಗುವುದು ಮಾತ್ರೆಗೇಕಾಗದು ಎಂದು ಆಕೆಗೆ ಹೊಳೆಯಿತು. ರೋಗಿಯ ಮಣಿಕಟ್ಟಿನ ಪಟ್ಟಿಗೊಮ್ಮೆ, ಔಷಧದ ಪೊಟ್ಟಣಕ್ಕೊಮ್ಮೆ ಸ್ಕ್ಯಾನರ್ ಹಿಡಿದರೆ ಸರಿಯಾದ ರೋಗಿ, ಸರಿಯಾದ ಮಾತ್ರೆ, ಸರಿಯಾದ ಹೊತ್ತು ತಾಳೆಯಾಗುತ್ತದೆ. ಟೊಪೀಕಾದಲ್ಲಿ ಪಳಗಿದ ಈ ಪದ್ಧತಿ 1999ರಿಂದ ಮಾಜಿ ಸೈನಿಕರ ಉಳಿದ ಆಸ್ಪತ್ರೆಗಳಿಗೂ ಹರಡಿತು.

ಹಾಗೆಂದು ಬಾರ್‌ಕೋಡ್ ಇದ್ದಲ್ಲೆಲ್ಲ ಎಲ್ಲವೂ ಸಲೀಸಾಗಲಿಲ್ಲ. ಸಮಾಜಶಾಸ್ತ್ರಜ್ಞ ರಾಸ್ ಕೊಪೆಲ್ ಮತ್ತು ಸಂಗಡಿಗರು ಐದು ಆಸ್ಪತ್ರೆಗಳಲ್ಲಿ ನರ್ಸ್‌ಗಳ ಬೆನ್ನಿಗೇ ಓಡಾಡಿ 2008ರಲ್ಲಿ ವರದಿ ಕೊಟ್ಟರು: ನಿಯಮ ತಪ್ಪಿಸುವ 15 ಬಗೆಯ ಅಡ್ಡದಾರಿಗಳು, ಅವಕ್ಕೆ 31 ಕಾರಣಗಳು. ಪಟ್ಟಿ ನೆನೆದಿರುತ್ತಿತ್ತು, ರೋಗಿ ಅದನ್ನು ಕಚ್ಚಿ ಹಾಕಿರುತ್ತಿದ್ದ. ಸ್ಕ್ಯಾನರಿನ ಬ್ಯಾಟರಿ ಸತ್ತಿರುತ್ತಿತ್ತು. ಆಗ ನರ್ಸ್ ಪಟ್ಟಿಯ ಇನ್ನೊಂದು ಪ್ರತಿಯನ್ನು ಬೇರೆಲ್ಲೋ ಅಂಟಿಸಿಕೊಂಡು ಅದಕ್ಕೇ ಸ್ಕ್ಯಾನರ್ ಹಿಡಿಯುತ್ತಿದ್ದಳು. ಇದನ್ನು ಸೋಮಾರಿತನ ಎನ್ನುವವರು ಔಷಧದ ಹೊತ್ತಿನಲ್ಲಿ ವಾರ್ಡಿಗೆ ಹೋದವರಲ್ಲ.

2018ರಲ್ಲಿ ಇಲಾಖೆ ವಿಸ್ಟಾ ಬದಲಿಗೆ ಸರ್ನರ್ ಕಂಪನಿಯ ಸಿದ್ಧ ತಂತ್ರಾಂಶವನ್ನು ತರಲು ಸುಮಾರು 10 ಬಿಲಿಯನ್ ಡಾಲರಿನ ಒಪ್ಪಂದ ಮಾಡಿಕೊಂಡಿತು. 2020ರ ಅಕ್ಟೋಬರಿನಲ್ಲಿ ಅದು ಮೊದಲು ಚಾಲೂ ಆದದ್ದು ವಾಷಿಂಗ್ಟನ್ ರಾಜ್ಯದ ಸ್ಪೋಕೇನಿನಲ್ಲಿ. ವೈದ್ಯರು ಬರೆದ ತಪಾಸಣೆ, ಶಿಫಾರಸುಗಳ ಪೈಕಿ ಎಲ್ಲಿಗೆ ಹೋಗಬೇಕೆಂದು ಯಂತ್ರಕ್ಕೆ ತಿಳಿಯದವು ಯಾರೂ ನೋಡದ 'ಅಜ್ಞಾತ ಸರದಿ'ಯೊಂದಕ್ಕೆ ಸೇರುತ್ತಿದ್ದವು. ಬರೆದವರಿಗೆ ಸೂಚನೆ ಬರುತ್ತಿರಲಿಲ್ಲ. ಹೀಗೆ ಕಳೆದುಹೋದವು 11,000ಕ್ಕೂ ಹೆಚ್ಚೆಂದು ಇಲಾಖೆಯ ತನಿಖಾಧಿಕಾರಿಗಳು 2022ರಲ್ಲಿ ಬರೆದರು. ಮರುವರ್ಷ ಏಪ್ರಿಲ್‌ನಲ್ಲಿ, ಐದು ಆಸ್ಪತ್ರೆಗಳಿಗೆ ತಲುಪಿದ್ದ ವಿಸ್ತರಣೆಯನ್ನು ಇಲಾಖೆ ತಡೆಹಿಡಿಯಿತು. ಉಳಿದೆಡೆ ವಿಸ್ಟಾ ಎಂದಿನಂತೆ ಓಡುತ್ತಿತ್ತು.